ದೋಣಿ ಹೊತ್ತು ದಾಟುವ ನಾಡು



ಈ ವರ್ಷದ ಉಪನ್ಯಾಸದ ವಿಷಯವನ್ನು ಸಂಘಟಕರು ನನ್ನ ಆಯ್ಕೆಗೇ ಬಿಟ್ಟರು. ನಾನು ಆರಿಸಿಕೊಂಡ ಸೀಮೆ ಬಹಳ ದೂರದ್ದು. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದ ಅಂಚು ಮತ್ತು ಕೆನಡಾದ ಒಂಟಾರಿಯೊ ಪ್ರಾಂತ್ಯ ಕೂಡುವಲ್ಲಿ ಎರಡು ರಕ್ಷಿತ ಕಾಡುಗಳು ಮೈಗೆ ಮೈ ತಾಗಿಸಿಕೊಂಡಿವೆ. ದಕ್ಷಿಣದ್ದು ಬೌಂಡರಿ ವಾಟರ್ಸ್, ಸುಮಾರು 11 ಲಕ್ಷ ಎಕರೆ. ಉತ್ತರದ್ದು ಕ್ವೆಟಿಕೊ, ಅದಕ್ಕಿಂತ ತುಸು ದೊಡ್ಡದು. ದಕ್ಷಿಣದ ಭಾಗವೊಂದರಲ್ಲೇ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಅವುಗಳ ನಡುವೆ ರಸ್ತೆ ಇಲ್ಲ. ಹೋಗಬೇಕೆಂದರೆ ಕನೂ ಎಂಬ ಹಗುರ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಬೇಕು. ಸರೋವರ ಮುಗಿದ ಕಡೆ ದೋಣಿಯನ್ನು ತಲೆಯ ಮೇಲೆ ಬೋರಲು ಹೊತ್ತು, ಕಾಡಿನ ಕಾಲುದಾರಿಯಲ್ಲಿ ನಡೆದು, ಮುಂದಿನ ಸರೋವರಕ್ಕೆ ಇಳಿಸಬೇಕು. ಈ ಹೊತ್ತು ದಾಟುವ ದಾರಿಗೆ ಅಲ್ಲಿ ಪೋರ್ಟೇಜ್ ಎನ್ನುತ್ತಾರೆ. ಇವತ್ತಿನ ಮಾತಿನಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ.

ಈ ಸಭೆಯಲ್ಲಿ ಕೆಲವರ ಮಕ್ಕಳು ಮಿನಿಯಾಪೊಲಿಸ್ ಕಡೆ ಕೆಲಸದಲ್ಲಿರಬಹುದು. ನಮ್ಮವರು ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ಮಕ್ಕಳು ವಿಮಾನ ಹತ್ತಿಸಿ ನಯಾಗರಕ್ಕೆ ಕರೆದೊಯ್ದು, ಫೋಟೊ ತೆಗೆಸಿ, ವಾಪಸು ತರುತ್ತಾರೆ. ಮನೆ ಬಾಗಿಲಿನಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಈ ನೀರಿನ ಸುದ್ದಿ ಯಾರೂ ಎತ್ತುವುದಿಲ್ಲ. ಉಪನ್ಯಾಸಕ್ಕೆ ಅದೂ ಒಂದು ನೆಪ.

ಮೊದಲು ಈ ನೀರು ಕಲ್ಲಿನ ಮೇಲೆ ಹೇಗೆ ನಿಂತಿದೆ ಎಂದು ನೋಡೋಣ. ಆಮೇಲೆ ಅದನ್ನು ದಾರಿ ಮಾಡಿಕೊಂಡವರ ಕಥೆ, ಅದನ್ನು ಇದ್ದಂತೆಯೇ ಬಿಡಬೇಕೆಂದು ನಡೆದ ಜಗಳಗಳ ಕಥೆ. ಕೊನೆಗೆ, ಹೋಗುವವರಿಗೆ ಒಂದಿಷ್ಟು ವ್ಯವಹಾರದ ಮಾತು. ನನ್ನ ವಾದವನ್ನು ಈಗಲೇ ಹೇಳಿಬಿಡುತ್ತೇನೆ: ನಾವು ನಿಸರ್ಗದ ಕೊಡುಗೆ ಎಂದುಕೊಳ್ಳುವ ಈ ಕಾಡುನೀರು ಇವತ್ತಿಗೂ ಹೀಗಿರುವುದು ಮನುಷ್ಯರು ಮಾಡಿದ ತೀರ್ಮಾನಗಳಿಂದ. ಆ ತೀರ್ಮಾನಗಳ ಬೆಲೆಯನ್ನು ಎಲ್ಲರೂ ಸಮನಾಗಿ ತೆತ್ತಿಲ್ಲ.

ಕಲ್ಲಿನಿಂದ ಶುರು ಮಾಡೋಣ. ಇದು ಕೆನಡಿಯನ್ ಶೀಲ್ಡ್ ಎಂಬ ಪುರಾತನ ಶಿಲಾಫಲಕದ ದಕ್ಷಿಣದ ಅಂಚು. ಈ ಸೀಮೆಯ ಹೆಬ್ಬಾಗಿಲಿನಂತಿರುವ ಈಲಿ ಎಂಬ ಊರಿನಲ್ಲಿ ದಿಂಬು ಜೋಡಿಸಿಟ್ಟಂತೆ ಕಾಣುವ ಹಸಿರು ಬಂಡೆಗಳಿವೆ. ಸಮುದ್ರದ ತಳದಲ್ಲಿ ಲಾವಾ ಉಕ್ಕಿ, ನೀರು ತಾಗಿದೊಡನೆ ಗಟ್ಟಿಯಾಗಿ ಆದ ರೂಪ ಅದು. ವಯಸ್ಸು ಸುಮಾರು 270 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ಗ್ರೀನ್‌ಸ್ಟೋನ್ ಪಟ್ಟಿ ಎಂದು ಕರೆಯುತ್ತಾರೆ. ನಮ್ಮ ಕೋಲಾರದ ಚಿನ್ನ ಹುದುಗಿದ್ದ ಶಿಲಾಪಟ್ಟಿಯೂ ಇದೇ ಜಾತಿಯದು, ಹೆಚ್ಚುಕಡಿಮೆ ಇದೇ ಕಾಲದ್ದು. ಭೂಗೋಳದ ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗಿಟ್ಟು ಓದಿದರೆ ಪಾಠ ಸುಲಭವಾಗುತ್ತದೆ.

ಕಲ್ಲು ಹಳೆಯದು, ಸರೋವರಗಳು ತೀರಾ ಹೊಸವು. ಕೊನೆಯ ಹಿಮಯುಗದಲ್ಲಿ ಭಾರೀ ದಪ್ಪದ ಹಿಮದ ಹಾಸು ಈ ನೆಲದ ಮೇಲೆ ತೆವಳಿ, ಮಣ್ಣನ್ನೆಲ್ಲ ಕೆರೆದು ದಕ್ಷಿಣಕ್ಕೆ ಒಯ್ದಿತು. ಮೆದು ಕಲ್ಲಿದ್ದಲ್ಲಿ, ಬಿರುಕಿದ್ದಲ್ಲಿ ಆಳವಾಗಿ ತೋಡಿತು. ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಹಿಮ ಹಿಂದೆ ಸರಿದಾಗ ತೋಡಿದ ಗುಂಡಿಗಳಲ್ಲಿ ನೀರು ನಿಂತಿತು. ನಕ್ಷೆಯಲ್ಲಿ ಸರೋವರದ ಆಕಾರ ನೋಡಿಯೇ ಕೆಳಗಿನ ಕಲ್ಲು ಯಾವುದು ಎಂದು ಊಹಿಸಬಹುದು. ಪೂರ್ವದಲ್ಲಿ, ಗನ್‌ಫ್ಲಿಂಟ್ ಮತ್ತು ರೋಸ್ ಸರೋವರಗಳ ಕಡೆ, ಉದ್ದುದ್ದ ಕಿರಿದಾದ ನೀರು ಒಂದರ ಪಕ್ಕ ಒಂದು ಮಲಗಿದೆ, ಒಂದು ದಡ ಕಡಿದಾದ ಗೋಡೆ. ಅಲ್ಲಿರುವುದು ಓರೆಯಾಗಿ ಕೂತ ಪದರುಗಲ್ಲು. ಪಶ್ಚಿಮದಲ್ಲಿ ಗ್ರಾನೈಟ್ ಬರುತ್ತದೆ. ಅಲ್ಲಿ ದಡ ಎಂಬುದಕ್ಕೆ ಲೆಕ್ಕವೇ ಇಲ್ಲ, ಎಲ್ಲೆಲ್ಲೂ ಕೊಲ್ಲಿ, ದ್ವೀಪ, ಮೂಗುತುದಿ. ಹೊಸಬರು ದಾರಿ ತಪ್ಪುವುದು ಇಲ್ಲೇ. ನೀರಿನ ಮಟ್ಟದಲ್ಲಿ ಕೂತವನ ಕಣ್ಣಿಗೆ ದ್ವೀಪ ಯಾವುದು, ದಡ ಯಾವುದು ಎಂದು ಬೇರೆಬೇರೆಯಾಗಿ ಕಾಣುವುದೇ ಇಲ್ಲ.

ಮಣ್ಣು ತೆಳು, ಕಲ್ಲು ಗಟ್ಟಿ. ಹಾಗಾಗಿ ನೀರಿಗೆ ಸೇರುವ ಪೋಷಕಾಂಶ ಕಡಿಮೆ, ಪಾಚಿ ಕಡಿಮೆ, ತಿಳಿ ಹೆಚ್ಚು. ಆದರೆ ಎಲ್ಲ ಸರೋವರವೂ ಗಾಜಿನಂತಿರುತ್ತದೆ ಎಂದುಕೊಳ್ಳಬೇಡಿ. ಜೌಗು ನೆಲದಿಂದ ಇಳಿಯುವ ಹೊಳೆಗಳ ನೀರು ಚಹಾದ ಡಿಕಾಕ್ಷನ್ನಿನ ಬಣ್ಣಕ್ಕಿರುತ್ತದೆ. ಅದು ಕೊಳೆಯಲ್ಲ, ಕೊಳೆತ ಎಲೆ ತೊಗಟೆಗಳ ಒಗರು.

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಬಿಸಿಲೆ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಒಂದು ಕಡೆ ಕುಮಾರಧಾರೆಯ ಮೂಲಕ ಅರಬ್ಬೀ ಸಮುದ್ರಕ್ಕೂ ಇನ್ನೊಂದು ಕಡೆ ಹೇಮಾವತಿಯ ಮೂಲಕ ಬಂಗಾಳ ಕೊಲ್ಲಿಗೂ ಹರಿಯುವುದನ್ನು ನೀವು ಬಲ್ಲಿರಿ. ಇಲ್ಲಿ ಆ ನೆತ್ತಿಗೆ ಎತ್ತರವೇ ಇಲ್ಲ. ಸೌತ್ ಲೇಕ್, ನಾರ್ತ್ ಲೇಕ್ ಎಂಬ ಎರಡು ಸರೋವರಗಳ ನಡುವೆ ಸುಮಾರು 400 ಮೀಟರಿನ ಒಂದು ಪೋರ್ಟೇಜ್ ಇದೆ, ಅಷ್ಟೆ. ದಕ್ಷಿಣದ ನೀರು ಪಿಜನ್ ನದಿ ಹಿಡಿದು ಸುಪೀರಿಯರ್ ಸರೋವರಕ್ಕೆ, ಅಲ್ಲಿಂದ ಅಟ್ಲಾಂಟಿಕ್ಕಿಗೆ. ಉತ್ತರದ್ದು ಸಾಗನಾಗ, ಲಾಕ್ ಲಾ ಕ್ರುವಾ, ರೇನಿ ಲೇಕ್ ಎಂದು ಒಂದೊಂದೇ ಸರೋವರ ದಾಟಿ, ವಿನಿಪೆಗ್ ಸರೋವರ ಸೇರಿ, ನೆಲ್ಸನ್ ನದಿಯಾಗಿ ಹಡ್ಸನ್ ಕೊಲ್ಲಿಗೆ. ನೀವು ದೋಣಿ ಹೊತ್ತು ಕಾಲು ಗಂಟೆ ನಡೆದರೆ ಒಂದು ಸಾಗರದ ಸೀಮೆ ಬಿಟ್ಟು ಇನ್ನೊಂದರ ಸೀಮೆಗೆ ಕಾಲಿಟ್ಟಿರುತ್ತೀರಿ.

ಇಲ್ಲಿಗೆ ಕಲ್ಲಿನ ಮಾತು ಸಾಕು. ಈಗ ದಾರಿ ಮಾಡಿದವರ ಕಡೆಗೆ ಬರೋಣ.

ಸರೋವರಗಳು ಸಾವಿರ ಇರಬಹುದು. ಅವುಗಳನ್ನು ಒಂದಕ್ಕೊಂದು ಹೊಲಿದದ್ದು ಪೋರ್ಟೇಜು. ಈ ಕಾಲುದಾರಿಗಳನ್ನು ಸವೆಸಿದವರು ಅನಿಶಿನಾಬೆ ಜನ, ಓಜಿಬ್ವೆ ಎಂದೂ ಕರೆಯುತ್ತಾರೆ. ಬರ್ಚ್ ಮರದ ತೊಗಟೆಯನ್ನು ಸೀಡರ್ ಪಕ್ಕೆಲುಬುಗಳ ಮೇಲೆ ಹೊದಿಸಿ, ಸ್ಪ್ರೂಸ್ ಬೇರಿನಿಂದ ಹೊಲಿದು, ಹೊಲಿಗೆಯ ಮೇಲೆ ಮರದ ಅಂಟು ಬಳಿದು ಮಾಡಿದ ದೋಣಿ ಅವರದು. ಒಡೆದರೆ ದಡದ ಮರವೇ ರಿಪೇರಿ ಸಾಮಾನು. ಹದಿನೆಂಟನೆಯ ಶತಮಾನದಲ್ಲಿ ಮಾಂಟ್ರಿಯಲ್‌ನಿಂದ ಬಂದ ತುಪ್ಪಳದ ವ್ಯಾಪಾರಿಗಳು ಈ ದೋಣಿಯನ್ನೂ ಈ ದಾರಿಯನ್ನೂ ಹಾಗೆಯೇ ಎತ್ತಿಕೊಂಡರು. ಯೂರೋಪಿನ ಸಿರಿವಂತರ ತಲೆಯ ಮೇಲೆ ಬೀವರ್ ತುಪ್ಪಳದ ಟೋಪಿ ಕೂರಬೇಕಾದರೆ ಇಲ್ಲಿ ಯಾರದೋ ಬೆನ್ನು ಬಾಗಬೇಕಿತ್ತು. ಬಾಗಿದ್ದು ವೊಯಜರ್ ಎಂಬ ಫ್ರೆಂಚ್ ಕೆನಡಿಯನ್ ಕೂಲಿಗಳ ಬೆನ್ನು.

ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸರಕನ್ನು 90 ಪೌಂಡಿನ, ಅಂದರೆ ಸುಮಾರು 41 ಕಿಲೊದ ಮೂಟೆಗಳಾಗಿ ಕಟ್ಟುತ್ತಿದ್ದರು. ಹಣೆಗೆ ಅಗಲವಾದ ಚರ್ಮದ ಪಟ್ಟಿ ಹಾಕಿ, ಅದರಿಂದ ಒಂದು ಮೂಟೆಯನ್ನು ನಡುವಿನ ಹತ್ತಿರ ಇಳಿಬಿಟ್ಟು, ಎರಡನೆಯದನ್ನು ಅದರ ಮೇಲೆ ಹೇರಿಕೊಂಡು, ಮುಂದಕ್ಕೆ ಬಾಗಿ ಒಂದು ಥರದ ಓಟದ ನಡಿಗೆಯಲ್ಲಿ ಹೋಗುತ್ತಿದ್ದರು. ಸ್ವಲ್ಪ ದೂರಕ್ಕೊಮ್ಮೆ ಇಳಿಸಿ, ಹಿಂದಕ್ಕೆ ಹೋಗಿ ಮಿಕ್ಕ ಮೂಟೆ ತರುವುದು. ಸುಪೀರಿಯರ್ ದಡದ ಗ್ರಾಂಡ್ ಪೋರ್ಟೇಜಿನಲ್ಲಿ ಹೀಗೆ ಸುಮಾರು 13.7 ಕಿಲೊಮೀಟರ್. ಪಿಜನ್ ನದಿ ಕೊನೆಯ ಭಾಗದಲ್ಲಿ ಜಲಪಾತಗಳಾಗಿ ಧುಮುಕುವುದರಿಂದ ಬೇರೆ ಗತಿ ಇರಲಿಲ್ಲ.

ನಾನು ಹೇಳಿದ ಆ ಜಲವಿಭಾಜಕದ ನೆತ್ತಿಯಲ್ಲಿ ಹೊಸಬರಿಗೊಂದು ದೀಕ್ಷೆಯೂ ಇತ್ತು. 1793ರಲ್ಲಿ ಈ ದಾರಿಯಲ್ಲಿ ಹೋದ ಜಾನ್ ಮ್ಯಾಕ್‌ಡೊನೆಲ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನೀರಲ್ಲದ್ದಿದ ಸೀಡರ್ ಕೊಂಬೆಯಿಂದ ಪ್ರೋಕ್ಷಣೆ ಮಾಡಿ ಎರಡು ಆಣೆ ಹಾಕಿಸುತ್ತಿದ್ದರಂತೆ. ಇನ್ನು ಮುಂದೆ ಬರುವ ಹೊಸಬರನ್ನು ಈ ಶಾಸ್ತ್ರ ಮಾಡಿಸದೆ ಬಿಡಬಾರದು, ಇದು ಒಂದು. ಜೊತೆಗಾರನ ಹೆಂಡತಿಗೆ ಅವಳ ಒಪ್ಪಿಗೆ ಇಲ್ಲದೆ ಮುತ್ತಿಡಬಾರದು, ಇದು ಎರಡು. ಆಮೇಲೆ ಹೊಸಬನ ಖರ್ಚಿನಲ್ಲಿ ರಮ್. ಶಾಸ್ತ್ರ ನಡೆಯುತ್ತಿದ್ದುದೇ ಆ ರಮ್ಮಿಗಾಗಿ ಎಂದು ನನ್ನ ಗುಮಾನಿ.

ಈ ಕೂಲಿದಾರಿಯೇ ಮುಂದೆ ಎರಡು ದೇಶಗಳ ಗಡಿಯಾಯಿತು. 1842ರ ವೆಬ್‌ಸ್ಟರ್–ಆಶ್‌ಬರ್ಟನ್ ಒಪ್ಪಂದ ಗಡಿಗೆರೆಯನ್ನು ದೋಣಿದಾರಿಯ ಮೇಲೆಯೇ ಎಳೆದು, ಇಲ್ಲಿನ ಜಲಮಾರ್ಗಗಳೂ ರೂಢಿಯ ಪೋರ್ಟೇಜುಗಳೂ ಎರಡೂ ದೇಶದವರಿಗೆ ಮುಕ್ತ ಎಂದು ಬರೆಯಿತು. ಕಾಡಿನ ಒಂದು ಕಾಲುದಾರಿಗೆ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಜಾಗ ಸಿಕ್ಕಿದ ಉದಾಹರಣೆ ಹೆಚ್ಚು ಇರಲಾರದು.

ವೊಯಜರುಗಳ ಕಥೆ ರಮ್ಯವಾದದ್ದು. ಪ್ರವಾಸಿ ಪುಸ್ತಕಗಳು ಅದನ್ನು ಮನಸಾರೆ ಹೇಳುತ್ತವೆ. ಅವು ಕಡಿಮೆ ಹೇಳುವುದು ಓಜಿಬ್ವೆ ಜನರ ಮಾತನ್ನು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಆಳವಿಲ್ಲದ, ಮೆಲ್ಲಗೆ ನೀರಾಡುವ ಕೊಲ್ಲಿಗಳಲ್ಲಿ ಇಲ್ಲಿ ಒಂದು ಕಾಡುಧಾನ್ಯ ಬೆಳೆಯುತ್ತದೆ. ಅವರು ಮನೋಮಿನ್ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ವೈಲ್ಡ್ ರೈಸ್. ಇದು ಯಾರೂ ನಾಟಿ ಮಾಡದೆ ನೀರಿನಲ್ಲೇ ಉದುರಿ ನೀರಿನಲ್ಲೇ ಮೊಳೆಯುವ ಹುಲ್ಲು. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಿಗೆ ಹಣ್ಣಾಗುತ್ತದೆ. ಕೊಯ್ಲಿಗೆ ಕುಡುಗೋಲಿಲ್ಲ. ದೋಣಿಯಲ್ಲಿ ಇಬ್ಬರು. ಒಬ್ಬರು ನಿಂತು ಉದ್ದನೆಯ ಗಳುವಿನಿಂದ ದೋಣಿಯನ್ನು ಪೈರಿನೊಳಗೆ ನೂಕುತ್ತಾರೆ. ಕೂತವರ ಕೈಯಲ್ಲಿ ಎರಡು ಹಗುರ ಸೀಡರ್ ಕೋಲು. ಒಂದರಿಂದ ತೆನೆಗಳನ್ನು ದೋಣಿಯ ಮೇಲೆ ಬಾಗಿಸಿ, ಇನ್ನೊಂದರಿಂದ ಸವರಿದ ಹಾಗೆ ಬಡಿಯುತ್ತಾರೆ. ಮಾಗಿದ ಕಾಳು ಮಾತ್ರ ಉದುರಬೇಕು, ದಂಟು ಮುರಿಯಬಾರದು. ಕೆಲವು ದಿನ ಬಿಟ್ಟು ಮತ್ತೆ ಅದೇ ಪೈರಿಗೆ ಬರುತ್ತಾರೆ. ಸ್ವಲ್ಪ ಕಾಳು ನೀರಿಗೆ ಬೀಳುತ್ತದೆ, ಮುಂದಿನ ವರ್ಷದ ಬಿತ್ತನೆ ಅದೇ. ದಡಕ್ಕೆ ತಂದ ಮೇಲೆ ಒಣಗಿಸುವುದು, ಬಾಣಲೆಯಲ್ಲಿ ಹುರಿಯುವುದು, ಗುಂಡಿಯಲ್ಲಿ ಹಾಕಿ ಮೆತ್ತನೆಯ ಚರ್ಮದ ಪಾದರಕ್ಷೆ ತೊಟ್ಟು ತುಳಿಯುವುದು, ತೊಗಟೆಯ ಮೊರದಲ್ಲಿ ಕೇರುವುದು. ಮಿನ್ನೆಸೋಟ ರಾಜ್ಯ 1977ರಲ್ಲಿ ಇದನ್ನು ತನ್ನ ರಾಜ್ಯಧಾನ್ಯ ಎಂದು ಘೋಷಿಸಿತು.

ಓಜಿಬ್ವೆ ಜನ 1854ರ ಲಾ ಪಾಯಿಂಟ್ ಒಪ್ಪಂದದಲ್ಲಿ ಸುಪೀರಿಯರ್‌ನ ವಾಯವ್ಯದ ಈ ನೆಲವನ್ನು ಬಿಟ್ಟುಕೊಟ್ಟರು. ಆದರೆ ಅಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡರು. ಕೆನಡಾ ಕಡೆಯ ಕಥೆ ಇನ್ನೂ ಕಹಿ. ಈಗ ಕ್ವೆಟಿಕೊ ಎನ್ನುವ ಕಾಡಿನೊಳಗೆ ಅವರಿಗೆಂದು ಗೊತ್ತುಮಾಡಿದ್ದ ಒಂದು ಮೀಸಲು ನೆಲವನ್ನು 1915ರಲ್ಲಿ ಒಂಟಾರಿಯೊ ಸರ್ಕಾರ ಏಕಪಕ್ಷೀಯವಾಗಿ ರದ್ದುಮಾಡಿತು. ಅದಕ್ಕೆ ಕ್ಷಮೆ ಕೇಳಿದ್ದು 1991ರಲ್ಲಿ. ‘ಮನುಷ್ಯನ ಕೈ ಸೋಕದ ಕಾಡು’ ಎಂದು ಯಾರಾದರೂ ಈ ಸೀಮೆಯನ್ನು ಹೊಗಳಿದರೆ ಈ ಎರಡು ಇಸವಿಗಳನ್ನು ನೆನೆಸಿಕೊಳ್ಳಿ. ಹೆಗ್‌ಮನ್ ಸರೋವರದ ಬಂಡೆಯ ಮೇಲೆ ಕೆಂಪು ಕಾವಿಯಲ್ಲಿ ಬರೆದ ಮೂಸ್ ಎಂಬ ಭಾರೀ ಜಿಂಕೆ ಮತ್ತು ಕೈಚಾಚಿ ನಿಂತ ಮನುಷ್ಯನ ಚಿತ್ರಗಳು ಇವತ್ತಿಗೂ ಇವೆ. ದೋಣಿಯಲ್ಲಿ ಕೂತು ನೋಡಬೇಕು, ಮುಟ್ಟಬಾರದು.

ಮೂರನೆಯ ಭಾಗಕ್ಕೆ ಬಂದೆವು: ಈ ನೀರನ್ನು ಇದ್ದಂತೆಯೇ ಬಿಡಬೇಕೆಂದು ನಡೆದ ಜಗಳಗಳು.

1909ರಲ್ಲಿ ಅಮೆರಿಕ ಕಡೆ ಸುಪೀರಿಯರ್ ರಾಷ್ಟ್ರೀಯ ಅರಣ್ಯ, ಕೆನಡಾ ಕಡೆ ಕ್ವೆಟಿಕೊ ಅರಣ್ಯ ಮೀಸಲು ಎರಡೂ ಹುಟ್ಟಿದವು. ಕ್ವೆಟಿಕೊ 1913ರಲ್ಲಿ ಪ್ರಾಂತೀಯ ಉದ್ಯಾನವಾಯಿತು. ಕಾಗದದಲ್ಲಿ ಕಾಡು ಉಳಿಯಿತು, ನೀರಿಗೆ ರಕ್ಷಣೆ ಇರಲಿಲ್ಲ. 1925ರಲ್ಲಿ ಎಡ್ವರ್ಡ್ ಬ್ಯಾಕಸ್ ಎಂಬ ಮರ ಮತ್ತು ಕಾಗದದ ಉದ್ಯಮಿ ಗಡಿಯ ಸರೋವರಗಳಿಗೆ ಸಾಲು ಅಣೆಕಟ್ಟು ಕಟ್ಟಿ, ಇಡೀ ರೇನಿ ಲೇಕ್ ಜಲಾನಯನವನ್ನು ತನ್ನ ಗಿರಣಿಗಳ ವಿದ್ಯುತ್ತಿಗೆ ಜಲಾಶಯವಾಗಿಸುವ ಯೋಜನೆ ತಂದ. ನೀರು ಎರಡು ದೇಶಗಳದ್ದಾದ್ದರಿಂದ ಪ್ರಕರಣ ಇಂಟರ್‌ನ್ಯಾಷನಲ್ ಜಾಯಿಂಟ್ ಕಮಿಷನ್ ಎಂಬ ಎರಡೂ ದೇಶಗಳ ಜಂಟಿ ಆಯೋಗದ ಮುಂದೆ ಹೋಯಿತು.

ಎದುರು ನಿಂತವರಲ್ಲಿ ಮುಖ್ಯ ಅರ್ನೆಸ್ಟ್ ಓಬರ್‌ಹೋಲ್ಟ್‌ಜರ್. ಸಣ್ಣ ಆಳು, ಹಾರ್ವರ್ಡ್‌ನಲ್ಲಿ ಓದಿದವನು, ರೇನಿ ಲೇಕಿನ ಒಂದು ಪುಟ್ಟ ದ್ವೀಪದಲ್ಲಿ ವಾಸ. 1912ರಲ್ಲಿ ಬಿಲ್ಲಿ ಮ್ಯಾಗೀ ಎಂಬ ಓಜಿಬ್ವೆ ಒಡನಾಡಿಯ ಜೊತೆ ಕನೂವಿನಲ್ಲಿ ಹಡ್ಸನ್ ಕೊಲ್ಲಿಯವರೆಗೆ ಹೋಗಿ ಬಂದವನು. ಬ್ಯಾಕಸ್‌ನ ಹಣದ ಮುಂದೆ ಇವನದು ಬರೀ ಪತ್ರ ವ್ಯವಹಾರ, ವರದಿ, ಸಾಕ್ಷ್ಯ. ಆದರೂ 1930ರಲ್ಲಿ ಅಮೆರಿಕದ ಕಾಂಗ್ರೆಸ್ ಶಿಪ್‌ಸ್ಟೆಡ್–ನ್ಯೂಟನ್–ನೋಲನ್ ಕಾಯ್ದೆ ಮಾಡಿತು: ಈ ಸೀಮೆಯ ಸರೋವರಗಳ ಸಹಜ ಮಟ್ಟವನ್ನು ಕಾಂಗ್ರೆಸ್ಸಿನ ಅನುಮತಿ ಇಲ್ಲದೆ ಬದಲಿಸುವಂತಿಲ್ಲ, ದಡದಿಂದ 400 ಅಡಿ ಒಳಗೆ ಮರ ಕಡಿಯುವಂತಿಲ್ಲ. ಆರ್ಥಿಕ ಕುಸಿತದಲ್ಲಿ ಬ್ಯಾಕಸ್ ದಿವಾಳಿಯಾದ. 1934ರಲ್ಲಿ ಕಮಿಷನ್ ಯೋಜನೆಯ ವಿರುದ್ಧವೇ ವರದಿ ಕೊಟ್ಟಿತು.

ನೀರಿನ ಮಟ್ಟದ ಬಗ್ಗೆ ಅಷ್ಟೊಂದು ಹಟವೇಕೆ ಎಂದು ಕೇಳಬಹುದು. ಮನೋಮಿನ್ ಪೈರು ಬೆಳೆಯುವ ಕಾಲದಲ್ಲಿ ನೀರು ಏರಿದರೆ ಎಲೆ ಮುಳುಗಿ, ಬೇರು ಕಿತ್ತು ಹಾಳಾಗುತ್ತದೆ. ಲೂನ್ ಹಕ್ಕಿಯದೂ ಅದೇ ಪಾಡು. ಮುಳುಗಿ ಮೀನು ಹಿಡಿಯಲು ಅನುಕೂಲವಾಗುವಂತೆ ಅದರ ಕಾಲುಗಳು ದೇಹದ ತೀರಾ ಹಿಂಭಾಗದಲ್ಲಿವೆ, ನೆಲದ ಮೇಲೆ ನಡೆಯಲು ಬಾರದು. ಹಾಗಾಗಿ ಗೂಡು ನೀರಿನ ಅಂಚಿನಲ್ಲೇ ಕಟ್ಟಬೇಕು. ಜೂನ್ ತಿಂಗಳಲ್ಲಿ ನೀರು ಒಂದಡಿ ಏರಿದರೂ ಮೊಟ್ಟೆ ನೀರುಪಾಲು.

ಅಣೆಕಟ್ಟು ಹೋಯಿತು, ಇಂಜಿನ್ ಬಂತು. ಎರಡನೆಯ ಮಹಾಯುದ್ಧದ ನಂತರ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನಗಳಲ್ಲಿ ಮೀನು ಹಿಡಿಯುವವರು ಒಳಸರೋವರಗಳಿಗೇ ಬಂದಿಳಿಯತೊಡಗಿದರು. 1949ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಈ ಕಾಡಿನ ಮೇಲೆ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಹಾರಾಟ ಕೂಡದು ಎಂಬ ಆದೇಶಕ್ಕೆ ಸಹಿ ಹಾಕಿದ. ಆಕಾಶಕ್ಕೂ ಬೇಲಿ ಬಿತ್ತು.

ಮುಂದಿನ ದೊಡ್ಡ ಜಗಳ ಮೋಟಾರು ದೋಣಿಯದು. 1977ರ ಬೇಸಿಗೆಯಲ್ಲಿ ಈಲಿ ಊರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ, ಕಾಡಿನ ಪರ ಮಾತಾಡಲು ಬಂದ ಲೇಖಕ ಸಿಗರ್ಡ್ ಓಲ್ಸನ್‌ನ ಪ್ರತಿಕೃತಿಯನ್ನು ಅವನ ಊರಿನವರೇ ನೇಣಿಗೆ ತೂಗುಹಾಕಿದ್ದರು. ಆ ಸಿಟ್ಟನ್ನು ನಾನು ಬರೀ ಅಜ್ಞಾನ ಎನ್ನಲಾರೆ. ಈಲಿ ಕಬ್ಬಿಣದ ಗಣಿಯಿಂದ ಬದುಕಿದ ಊರು, ಅದರ ಕೊನೆಯ ಗಣಿ 1967ರಲ್ಲಿ ಮುಚ್ಚಿತ್ತು. ಉಳಿದದ್ದು ಮೋಟಾರು ದೋಣಿಯಲ್ಲಿ ಬರುವ ಗಿರಾಕಿಗಳನ್ನು ನಂಬಿದ ವಸತಿಗೃಹಗಳು. ದೂರದ ಪಟ್ಟಣದವರು ನಮ್ಮ ಅನ್ನಕ್ಕೆ ಕಲ್ಲು ಹಾಕಿದರು ಎಂದು ಅವರಿಗೆ ಅನ್ನಿಸಿದ್ದು ಸಹಜ. 1978ರ ಅಕ್ಟೋಬರಿನಲ್ಲಿ ಮೋಟಾರಿಗೆ ಮಿತಿ ಹಾಕುವ ಕಾಯ್ದೆ ಬಂತು. ಅದೂ ರಾಜಿಯೇ: ನೀರಿನ ಸುಮಾರು ಕಾಲು ಭಾಗದಲ್ಲಿ ಮೋಟಾರಿಗೆ ಇವತ್ತಿಗೂ ಅವಕಾಶವಿದೆ.

ಈಗಿನ ತಕರಾರು ತಾಮ್ರ ಮತ್ತು ನಿಕಲ್. ಈಲಿಯ ಹತ್ತಿರ ಬರ್ಚ್ ಲೇಕ್ ಬಳಿ ಗಂಧಕಮಿಶ್ರಿತ ಅದಿರು ಹೇರಳವಾಗಿದೆ. ಅಂಥ ಅದಿರಿನ ಪುಡಿಗೆ ಗಾಳಿ ನೀರು ತಾಗಿದರೆ ಗಂಧಕಾಮ್ಲವಾಗುತ್ತದೆ, ನೀರಿಗೆ ಸಲ್ಫೇಟ್ ಸೇರುತ್ತದೆ. ಅಲ್ಲಿಂದ ಕವಿಶಿವಿ ನದಿ ಹರಿಯುವುದು ನೇರ ರಕ್ಷಿತ ಕಾಡಿನ ಕಡೆಗೆ. ಮನೋಮಿನ್ ಬೆಳೆಯುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು ಸಲ್ಫೇಟ್ ಇರಬಾರದೆಂದು ಮಿನ್ನೆಸೋಟ 1973ರಲ್ಲೇ ನಿಯಮ ಮಾಡಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಮಾರು 2,25,000 ಎಕರೆಯಲ್ಲಿ 20 ವರ್ಷ ಹೊಸ ಗಣಿ ಗುತ್ತಿಗೆ ಕೊಡುವುದಿಲ್ಲ ಎಂದಿತು. ಹಗ್ಗಜಗ್ಗಾಟ ಅಲ್ಲಿಗೆ ನಿಂತಿಲ್ಲ. ಬ್ಯಾಟರಿಗೆ ಲೋಹ ಬೇಕು ಎನ್ನುವವರ ಮಾತಿನಲ್ಲೂ ತೂಕವಿದೆ. ಆದರೆ ಹರಿವ ನೀರಿನ ತಲೆಯ ಕಡೆಯೇ ಪ್ರಯೋಗ ಬೇಕೆ ಎಂಬ ಪ್ರಶ್ನೆಗೆ ಒಪ್ಪುವ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಇನ್ನು ಹೋಗುವವರಿಗೆ ಹೇಳಿದ್ದ ವ್ಯವಹಾರದ ಮಾತು.

ಬೌಂಡರಿ ವಾಟರ್ಸ್‌ಗೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಜನ ಬರುತ್ತಾರೆ. ಆದರೂ ಜಾತ್ರೆಯಾಗದಿರುವುದು ಪರ್ಮಿಟ್ಟಿನಿಂದ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗಲು ಪ್ರತಿ ಪ್ರವೇಶದ್ವಾರಕ್ಕೂ ದಿನಕ್ಕೆ ಇಷ್ಟೇ ತಂಡ ಎಂಬ ಲೆಕ್ಕವಿದೆ. ಒಂದು ತಂಡದಲ್ಲಿ 9 ಜನ, 4 ದೋಣಿ ಮೀರುವಂತಿಲ್ಲ. ಆಹಾರದ ತಗಡಿನ ಡಬ್ಬಿ, ಗಾಜಿನ ಬಾಟಲಿ ಒಯ್ಯುವಂತಿಲ್ಲ. ಉಪ್ಪಿನಕಾಯಿಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಬಗ್ಗಿಸಿಕೊಂಡೇ ಹೋಗಬೇಕು. ರಾತ್ರಿ ಅದನ್ನೂ ಸೇರಿಸಿ ಎಲ್ಲ ತಿಂಡಿಯನ್ನು ಕರಡಿಗೆ ಎಟುಕದಂತೆ ಮರಕ್ಕೆ ತೂಗುಹಾಕಬೇಕು. ಗಡಿಯಾಚೆಯ ದಡಕ್ಕೆ ಇಳಿಯುವ ಯೋಚನೆ ಇದ್ದರೆ ಭಾರತೀಯ ಪಾಸ್‌ಪೋರ್ಟಿನವರು ವೀಸಾ ವಿಚಾರವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. 1842ರ ಒಪ್ಪಂದ ನಮ್ಮ ಹೆಸರಿನಲ್ಲಿ ಬರೆದದ್ದಲ್ಲ.

ದೋಣಿ ಬಾಡಿಗೆಗೆ ಸಿಗುತ್ತದೆ. ಕೆವ್ಲಾರ್ ಎಂಬ ನಾರಿನಿಂದ ಮಾಡಿದ್ದು 20 ಕಿಲೊ ಆಸುಪಾಸು ತೂಗುತ್ತದೆ, ಒಬ್ಬರೇ ಹೊರಬಹುದು. ನಡುವೆ ಅಡ್ಡಲಾಗಿ ಒಂದು ನೊಗ ಇರುತ್ತದೆ, ಅದು ಹೆಗಲ ಮೇಲೆ ಕೂರಬೇಕು. ದಡದ ಕಲ್ಲಿಗೆ ದೋಣಿಯ ಮೂತಿ ತಾಗುವ ಮೊದಲೇ ಮೊಣಕಾಲುದ್ದ ನೀರಿಗೆ ಇಳಿದುಬಿಡಿ, ಶೂ ನೆನೆಯುತ್ತದೆ ಎಂದು ನೋಡಬೇಡಿ. ಹಿಂದಿನವರ ಅಲ್ಯೂಮಿನಿಯಂ ದೋಣಿಗಳು ಉಜ್ಜಿದ ಬೆಳ್ಳಿಗೆರೆಗಳು ಆ ಕಲ್ಲುಗಳ ಮೇಲೆ ಇವತ್ತಿಗೂ ಕಾಣುತ್ತವೆ. ಹೊತ್ತ ಮೇಲೆ ನಿಮಗೆ ಕಾಣುವುದು ನಿಮ್ಮ ಪಾದ ಮತ್ತು ಮುಂದಿನ ಒಂದೆರಡು ಗಜ ನೆಲ ಮಾತ್ರ. ನಕ್ಷೆಯಲ್ಲಿ ಪೋರ್ಟೇಜಿನ ಉದ್ದವನ್ನು ರಾಡ್ ಎಂಬ ಅಳತೆಯಲ್ಲಿ ಕೊಟ್ಟಿರುತ್ತಾರೆ. ಒಂದು ರಾಡ್ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ದಾರಿಯಲ್ಲಿ ಹೆಸರಿನ ಫಲಕ ಹುಡುಕಬೇಡಿ. ನಕ್ಷೆ ಮತ್ತು ದಿಕ್ಸೂಚಿಯೇ ಗತಿ.

ದೊಡ್ಡ ಸರೋವರಗಳಲ್ಲಿ ಮಧ್ಯಾಹ್ನ ಗಾಳಿ ಎದ್ದು ಅಲೆ ನೊರೆಗಟ್ಟುತ್ತದೆ. ಬೆಳಗಿನ ಜಾವ ಹೊರಟು ಊಟದ ಹೊತ್ತಿಗೆ ದಡ ಸೇರುವುದು ಜಾಣತನ. ಹಿಮ ಕರಗಿ ಸರೋವರ ತೆರೆದುಕೊಳ್ಳುವುದು ಏಪ್ರಿಲ್ ಕೊನೆ ಅಥವಾ ಮೇ ಮೊದಲಿಗೆ. ಮೇ ತಿಂಗಳ ನೀರಿಗೆ ಬಿದ್ದರೆ ಈಜು ಬಲ್ಲವರಿಗೂ ಚಳಿಯಿಂದಲೇ ಅಪಾಯ, ಲೈಫ್ ಜಾಕೆಟ್ ಕಳಚಲೇಬೇಡಿ. ಜೂನ್ ತಿಂಗಳು ಸೊಳ್ಳೆ ಮತ್ತು ಕಪ್ಪು ನೊಣಗಳದ್ದು, ಅವು ಅತಿಥಿಗಳಲ್ಲಿ ಭೇದ ಮಾಡುವುದಿಲ್ಲ. ನನ್ನ ಮತ ಸೆಪ್ಟೆಂಬರಿಗೆ: ನೊಣ ಇಲ್ಲ, ಜನ ಕಡಿಮೆ, ಬರ್ಚ್ ಎಲೆ ಹಳದಿಗೆ ತಿರುಗಿರುತ್ತದೆ, ಅದೃಷ್ಟವಿದ್ದರೆ ರಕ್ಷಿತ ಕಾಡಿನ ಹೊರಗಿನ ಕೊಲ್ಲಿಗಳಲ್ಲಿ ಮನೋಮಿನ್ ಬಡಿಯುವವರನ್ನೂ ನೋಡಬಹುದು. ಮೊದಲ ಸಲ ಹೋಗುವ ನಮ್ಮಂಥವರು ಎರಡು ಮೂರು ಸಣ್ಣ ಪೋರ್ಟೇಜಿನ ದಾರಿಯನ್ನಷ್ಟೇ ಹಿಡಿಯಲಿ. ಸೆಪ್ಟೆಂಬರಿನ ಪರ್ಮಿಟ್ ಬೇಕಿದ್ದವರು ಜನವರಿ ಕೊನೆಯಲ್ಲಿ ಬುಕಿಂಗ್ ತೆರೆಯುವ ದಿನವೇ ಕಂಪ್ಯೂಟರ್ ಮುಂದೆ ಕೂರುವುದು ಒಳ್ಳೆಯದು. ಆ ಕೆಲಸವನ್ನು ಮಾತ್ರ ಮಕ್ಕಳಿಗೆ ಬಿಡಬಹುದು.